ಅಂಚೆ ದಾಖಲೆ ಮತ್ತು ಮರೆತ ಜನ: ಆಕರವಿಮರ್ಶೆಯ ಒಂದು ಪ್ರಶ್ನೆ

ಅಂಚೆ ಕಚೇರಿ ಬಂದ ದಿನವೇ ಊರಿನ ಹುಟ್ಟು, ಅದು ಹೋದ ದಿನವೇ ಊರಿನ ಸಾವು ಎಂದು ಬಗೆದು ಸ್ಥಳೀಯ ಚರಿತ್ರೆ ಬರೆಯುವವರಿದ್ದಾರೆ. ಈ ಬಗೆಯ ಓದನ್ನು ನಾವು ಒಪ್ಪಲಾರೆವು. ಅಮೆರಿಕದ ಕಾನ್ಸಾಸ್ ಸಂಸ್ಥಾನದ ನಿಕೋಡೆಮಸ್ ಇದಕ್ಕೆ ತಕ್ಕ ನಿದರ್ಶನ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಕೆಂಟಕಿಯಿಂದ ವಲಸೆ ಬಂದ ಕಪ್ಪು ಜನ 1877ರಲ್ಲಿ ಅಲ್ಲಿ ನೆಲೆನಿಂತರು. ಅದೇ ವರ್ಷ ಅಂಚೆ ಕಚೇರಿಯೂ ಬಂದಿತು.

ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಪೋಸ್ಟ್‌ಮಾಸ್ಟರರ ನೇಮಕದ ಪುಸ್ತಕಗಳು ಹೆಸರು, ದಿನಾಂಕಗಳನ್ನು ಕೊಡುತ್ತವೆ. ಸ್ಥಳನಿರ್ದೇಶನದ ವರದಿಗಳು ಇನ್ನೂ ಸ್ವಾರಸ್ಯಕರ. ಹತ್ತಿರದ ಹೊಳೆ ಯಾವುದು, ರೈಲುಹಾದಿ ಎಷ್ಟು ದೂರ, ನೆರೆಯ ಅಂಚೆ ಕಚೇರಿ ಯಾವ ದಿಕ್ಕಿಗೆ ಎಂಬ ಪ್ರಶ್ನೆಗಳಿಗೆ ಸ್ಥಳೀಯರೇ ಉತ್ತರ ತುಂಬಿ, ಎಷ್ಟೋ ಸಲ ಕೈನಕ್ಷೆಯನ್ನೂ ಬರೆದು ಕಳಿಸುತ್ತಿದ್ದರು. ಭೂಪಟದಿಂದ ಅಳಿದ ಊರನ್ನು ನೆಲದ ಮೇಲೆ ಗುರುತಿಸಲು ಇದಕ್ಕಿಂತ ಒಳ್ಳೆಯ ಆಕರ ವಿರಳ. ಆದರೆ ಆ ನಮೂನೆಗೆ ಬೇಕಾದದ್ದು ಟಪಾಲಿನ ದಾರಿ. ಬಂದವರು ಯಾರು, ಏತಕ್ಕೆ ಬಂದರು ಎಂದು ಅದು ಕೇಳುವುದೇ ಇಲ್ಲ.

1888ರಲ್ಲಿ ರೈಲುಹಾದಿ ಸಾಲಮನ್ ನದಿಯ ದಕ್ಷಿಣಕ್ಕೇ ಹಾದುಹೋಯಿತು. ವ್ಯಾಪಾರಿಗಳು ಬೋಗ್ ಎಂಬ ನೆರೆಯೂರಿಗೆ ನಡೆದರು. 1953ರಲ್ಲಿ ಅಂಚೆ ಕಚೇರಿ ಮುಚ್ಚಿತು. ದಾಖಲೆಯಲ್ಲಿ ಊರಿನ ಕತೆ ಇಲ್ಲಿಗೆ ನಿಲ್ಲುತ್ತದೆ. ಆದರೂ ಚದುರಿದ ಮನೆತನಗಳು ಪ್ರತಿ ಬೇಸಗೆಯಲ್ಲಿ ವಿಮೋಚನೆಯ ಹಬ್ಬಕ್ಕೆ ಅಲ್ಲಿ ಕೂಡುತ್ತ ಬಂದವು. 1996ರಲ್ಲಿ ಅದು ರಾಷ್ಟ್ರೀಯ ಚಾರಿತ್ರಿಕ ಸ್ಥಳವೆಂದು ಘೋಷಿತವಾಯಿತು.

ಹೊರನಾಡ ಕನ್ನಡಿಗರ ನೆಲೆಗಳನ್ನು ಅಂಚೆಯ ಮೂಲಕ ಅರಸಹೊರಡುವವರಿಗೆ ತೊಡಕು ಇನ್ನೂ ಹೆಚ್ಚು. ಮುಂಬಯಿಯ ಬಟವಾಡೆ ವಲಯ ಬೀದಿಯನ್ನು ಬಲ್ಲುದೇ ಹೊರತು ಮನೆಮಾತನ್ನು ಅರಿಯದು. ಊರಿನಿಂದ ಬಂದ ಇನ್‌ಲ್ಯಾಂಡ್ ಪತ್ರ, ಊರಿಗೆ ಕಳಿಸಿದ ಮನಿಯಾರ್ಡರಿನ ರಸೀತಿ ಉಳಿದಿದ್ದರೆ ಅವು ಮನೆಗಳ ಹಳೆಯ ಟ್ರಂಕುಗಳಲ್ಲಿವೆ.