‘ಗೋಧಿ ಬಣ್ಣ...’ ಹೇಳದೆ ಬಿಟ್ಟ ಚಹರೆ

ಹೇಮಂತ್ ಎಂ. ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ತನ್ನ ಹೆಸರನ್ನು ಕಾಣೆಯಾದವರ ಪ್ರಕಟಣೆಯ ಭಾಷೆಯಿಂದ ಪಡೆದಿದೆ. ಆಲ್‌ಝೈಮರ್ ಇರುವ ವೆಂಕೋಬ ರಾವ್ (ಅನಂತ್ ನಾಗ್) ಕಳೆದುಹೋಗುತ್ತಾರೆ. ಮುಂಬಯಿಯಿಂದ ಬಂದ ಮಗ ಶಿವ (ರಕ್ಷಿತ್ ಶೆಟ್ಟಿ) ಹುಡುಕುತ್ತಾನೆ. ತನಗಿಂತ ಚೆನ್ನಾಗಿ ಅಪ್ಪನನ್ನು ಬಲ್ಲವಳು ಅವರಿಗೆ ಚಿಕಿತ್ಸೆ ಕೊಡುತ್ತಿದ್ದ ಡಾ. ಸಹನಾ (ಶ್ರುತಿ ಹರಿಹರನ್) ಎಂಬುದು ಆ ಹುಡುಕಾಟದಲ್ಲಿ ಅವನಿಗೆ ತಿಳಿಯುತ್ತದೆ. ಊರು ಬಿಟ್ಟ ನಮ್ಮಂಥವರನ್ನು ಚಿತ್ರ ತಟ್ಟುವುದು ಇಲ್ಲಿ.

ಅಮ್ಮನನ್ನು ಮೂರು ವರ್ಷ ನೋಡಿಕೊಂಡ ಮೇಲೆ ಅದನ್ನೇ ಮತ್ತೆ ನೋಡಿದೆ. ಅನಂತ್ ನಾಗ್ ಅಭಿನಯ ಈಗಲೂ ಕಣ್ಣು ತೇವಗೊಳಿಸುತ್ತದೆ. ಆದರೆ ಚಿತ್ರದ ಪಾಲಿಗೆ ಡಿಮೆನ್ಶಿಯಾ ಎಂದರೆ ಮರೆವು. ದಾರಿ ತಪ್ಪುವುದು, ಹೆಂಡತಿಯ ನೆನಪು, ಹಳೆಯ ಪ್ರೀತಿ ಎಲ್ಲವೂ ಅದರಿಂದಲೇ ಬೆಳೆಯುತ್ತವೆ. ಹೆಸರಿನಲ್ಲೇ ‘ಮೈ’ ಇದ್ದರೂ ಆ ಮೈಯ ನೋವು ಕತೆಯ ವಿಷಯವಾಗುವುದಿಲ್ಲ.

ನಮ್ಮ ಮನೆಯಲ್ಲಿ ಮರೆವಿಗೆ ಬೇಗ ಹೊಂದಿಕೊಂಡೆವು. ಎಡವಿದ್ದು ಬೇರೆ ಕಡೆ. ಅಮ್ಮ ಊಟದ ತಟ್ಟೆ ತಳ್ಳತೊಡಗಿದಳು, ಮುಖ ಒರೆಸಲು ಹೋದರೆ ಕೈ ಕೊಡವುತ್ತಿದ್ದಳು. ‘ನೋವಿದೆಯೇನಮ್ಮ?’ ಎಂದರೆ ‘ಇಲ್ಲ’. ಹಠ ಅಂದುಕೊಂಡೆವು, ವೈದ್ಯರಿಗೂ ಹಾಗೇ ಹೇಳಿದೆವು. ಶಾಂತವಾಗಿರಲು ಮಾತ್ರೆ ಬಂತು. ಮೂರು ವಾರದ ಮೇಲೆ ಬಾಯಿ ತೆರೆಸಿ ನೋಡಿದರೆ ಹಲ್ಲಿನ ಸೆಟ್ಟಿನ ಕೆಳಗೆ ಹುಣ್ಣು. ಚಳುಕು, ಸೆಳೆತ, ಉರಿ, ಸಿಡಿತ ಎಂದು ನೋವನ್ನು ಬಿಡಿಸಿ ಹೇಳುತ್ತಿದ್ದವಳ ಬಳಿ ಆ ಒಂದು ಮಾತೂ ಉಳಿದಿರಲಿಲ್ಲ.

ಹೀಗೆ ಮಾತು ಹೋದವರಿಗಾಗಿಯೇ 2003ರಲ್ಲಿ ಅಮೆರಿಕದಲ್ಲಿ ‘ಪೇನ್‌ಆ್ಯಡ್’ ಎಂಬ ಅಳತೆಪಟ್ಟಿ ಬಂತು. ಗಮನಿಸಬೇಕಾದದ್ದು ಐದು: ಉಸಿರಾಟ, ನರಳಿಕೆ, ಮುಖಭಾವ, ಮೈಯ ಚಲನೆ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರೆಯೇ ಎಂಬುದು. ಒಂದೊಂದಕ್ಕೆ 0ಯಿಂದ 2, ಒಟ್ಟು 10 ಅಂಕ. ಅಂಕ ಏರಿತೆಂದರೆ ಕಾರಣ ಹುಡುಕಿ ಎಂದರ್ಥ. ನಾರ್ವೆಯಲ್ಲಿ 18 ನರ್ಸಿಂಗ್ ಹೋಮ್‌ಗಳ 352 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೂ ಇದೆ. ಎಂಟು ವಾರ ಹಂತಹಂತವಾಗಿ ನೋವಿಗೆ ಔಷಧ ಕೊಟ್ಟಾಗ, ಎಂದಿನ ಆರೈಕೆ ಪಡೆದವರಿಗಿಂತ ಅವರ ಉದ್ರೇಕ ಸ್ಪಷ್ಟವಾಗಿ ತಗ್ಗಿತು. ಹೆಚ್ಚಿನವರಿಗೆ ಕೊಟ್ಟದ್ದು ಬರೀ ಪ್ಯಾರಸಿಟಮಾಲ್.

ಸಿನಿಮಾ ವೈದ್ಯಕೀಯ ಪಾಠ ಹೇಳಬೇಕಿಲ್ಲ, ನಿಜ. ಆದರೂ ಅಪ್ಪನ ಹಳೆಯ ಕತೆಗಳನ್ನು ಮಗನಿಗೆ ದಾಟಿಸುವ ಸಹನಾ, ಅಪ್ಪ ನೋವಾದಾಗ ಹೇಗೆ ಕೂರುತ್ತಾರೆ ಎಂಬುದನ್ನೂ ಹೇಳಬಹುದಿತ್ತು. ವೆಂಕೋಬ ರಾವ್ ಯಾರಾಗಿದ್ದರು ಎಂದು ಶಿವನಿಗೆ ತಿಳಿಯಿತು. ಮನೆಗೆ ಕರೆತಂದ ಮೇಲೆ, ರಾತ್ರಿ ಅವರೇಕೆ ಹೊದಿಕೆ ಕಿತ್ತೆಸೆಯುತ್ತಾರೆ ಎಂದು ತಿಳಿಯುವ ದಾರಿ ಅವನಿಗೆ ಸಿಕ್ಕಿಲ್ಲ. ಅಭಿನಯದ ದೃಷ್ಟಿಯಿಂದಲೂ ಇದು ನಷ್ಟ. ಮಾತಿಲ್ಲದೆ ಹುಬ್ಬು, ದವಡೆ, ಬಿಗಿದ ಮುಷ್ಟಿಯಲ್ಲೇ ನೋವು ತೋರಿಸಬಲ್ಲ ನಟ ಎದುರಿಗಿದ್ದರು.

ಈಗ ಅಪ್ಪನೂ ಅದೇ ದಾರಿಯಲ್ಲಿದ್ದಾರೆ, ಊರಲ್ಲಿ ತಮ್ಮನ ಜೊತೆ. ಮೊದಲೆಲ್ಲ ಅವನು ಫೋನಿನಲ್ಲಿ ‘ಅಪ್ಪ ಯಾಕೋ ಸಿಟ್ಟು ಮಾಡ್ತಾರೆ ಅಣ್ಣ’ ಅನ್ನುತ್ತಿದ್ದ. ಹೋದ ವಾರ ಅಂದ: ‘ಎಡಮಗ್ಗುಲಿಗೆ ತಿರುಗಿಸಿದರೆ ಹುಬ್ಬು ಗಂಟು ಹಾಕ್ತಾರೆ, ಸೊಂಟ ಮುಟ್ಟೋಕೆ ಬಿಡಲ್ಲ, ಮೂರು ದಿನದಿಂದ.’ ಅದನ್ನೇ ಬರೆದು ವೈದ್ಯರಿಗೆ ತೋರಿಸು ಎಂದೆ. ಚಿತ್ರ ಹೇಳದೆ ಬಿಟ್ಟ ಚಹರೆ ಇದು.