ರುಫೀನನ ತಿದ್ದುಪಡಿ, ಜೆರೋಮನ ಕೋಪ

ಅನುವಾದಕನು ಮೂಲವನ್ನು ತಿದ್ದಬಹುದೆ? ಈ ಪ್ರಶ್ನೆಯ ಮೇಲೆ ಇಬ್ಬರು ಕ್ರೈಸ್ತ ಸಂನ್ಯಾಸಿಗಳ ವಿದ್ಯಾರ್ಥಿದೆಸೆಯ ಸ್ನೇಹವು, ಒಮ್ಮೆ ಬಿರುಕು ಬಿಟ್ಟು ಕೂಡಿಕೊಂಡದ್ದು, ಶಾಶ್ವತವಾಗಿ ಮುರಿದುಹೋಯಿತು.

ಜೆರುಸಲೇಮಿನ ಆಲಿವ್ ಬೆಟ್ಟದ ಮಠದಲ್ಲಿ ಬಹುಕಾಲವಿದ್ದ ರುಫೀನನು 397ರಲ್ಲಿ ಇಟಲಿಗೆ ಮರಳಿದನು. ಅಲ್ಲಿ ಗ್ರೀಕ್ ಬಲ್ಲವರು ವಿರಳರಾಗುತ್ತಿದ್ದರು. ಮರುವರ್ಷ ಅವನು ಅಲೆಕ್ಸಾಂಡ್ರಿಯದ ಓರಿಗನ್ನನ ‘ಮೂಲತತ್ತ್ವಗಳನ್ನು ಕುರಿತು’ ಎಂಬ ಗ್ರಂಥವನ್ನು ಲ್ಯಾಟಿನ್ನಿಗೆ ತಂದನು. ಪಾಷಂಡಿಗಳು ಈ ಗ್ರಂಥವನ್ನು ಕೆಡಿಸಿದ್ದಾರೆಂದೂ, ತ್ರಿತ್ವವನ್ನು ಕುರಿತ ಅಸಂಗತ ವಾಕ್ಯಗಳನ್ನು ಬಿಟ್ಟಿರುವೆನು ಇಲ್ಲವೆ ಗ್ರಂಥಕರ್ತನ ಅನ್ಯತ್ರೋಕ್ತಿಗೆ ಹೊಂದಿಸಿರುವೆನೆಂದೂ ಮುನ್ನುಡಿಯಲ್ಲಿ ಒಪ್ಪಿಕೊಂಡನು. ತನಗಿಂತ ಮುಂಚಿನ ಅನುವಾದಕನೊಬ್ಬನ ಪದ್ಧತಿಯೂ ಇದೇ ಎಂದನು. ಹೆಸರು ಹೇಳದಿದ್ದರೂ ಆತನು ಜೆರೋಮನೆಂಬುದು ಎಲ್ಲರಿಗೂ ತಿಳಿಯಿತು.

ಬೆತ್ಲೆಹೇಮಿನಲ್ಲಿದ್ದ ಜೆರೋಮನು ಸಿಡಿದೆದ್ದು, ಓರಿಗನ್ನನ ದೋಷಗಳು ಬಯಲಾಗಲೆಂದು ಅದೇ ಗ್ರಂಥವನ್ನು ಅಕ್ಷರಶಃ ಭಾಷಾಂತರಿಸಿದನು. ಆದರೆ ವೇದಗ್ರಂಥವೊಂದುಳಿದು ಉಳಿದೆಡೆ ಪದಕ್ಕೆ ಪದವಲ್ಲ, ಭಾವಕ್ಕೆ ಭಾವ ಎಂದು ಕೆಲವೇ ವರ್ಷಗಳ ಹಿಂದೆ ಪಮ್ಮಾಕಿಯನಿಗೆ ಬರೆದಿದ್ದವನೂ ಇವನೇ! ಓರಿಗನ್ನನ ಪ್ರವಚನಗಳನ್ನು ತಾನೇ ನಯಗೊಳಿಸಿದ್ದನ್ನು ರುಫೀನನು ಎತ್ತಿ ತೋರಿಸಿದಾಗ ಆತನಲ್ಲಿ ಸಮರ್ಪಕವಾದ ಉತ್ತರವಿರಲಿಲ್ಲ.

543ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಓರಿಗನ್ನನನ್ನು ಖಂಡಿಸಿದನು. ಗ್ರೀಕ್ ಮೂಲದ ಬಹುಭಾಗ ನಷ್ಟವಾಯಿತು. ಜೆರೋಮನ ನಿಷ್ಠ ಅನುವಾದವೂ ಕೆಲವು ಉದ್ಧೃತಿಗಳ ಹೊರತು ಅಳಿಯಿತು. ಇಡಿಯಾಗಿ ಉಳಿದದ್ದು ರುಫೀನನ ‘ತಿದ್ದಿದ’ ಕೃತಿ ಮಾತ್ರ. ‘ಫಿಲೋಕಾಲಿಯ’ ಎಂಬ ಸಂಕಲನದಲ್ಲಿ ಉಳಿದ ಗ್ರೀಕ್ ಭಾಗಗಳೊಡನೆ ಹೋಲಿಸಿದರೆ, ಅವನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ವಾದದ ಎಳೆಯನ್ನು ಬಹುಮಟ್ಟಿಗೆ ಕಡಿಯುವುದಿಲ್ಲ. ಜೆರೋಮನ ಉದ್ಧೃತಿಗಳಾದರೋ ಆರೋಪಕ್ಕೆಂದೇ ಆರಿಸಿದವು, ಅವನ್ನೂ ನಿಷ್ಪಕ್ಷಪಾತವೆನ್ನಲಾಗದು.

ಹಾಗೆಂದು ರುಫೀನನನ್ನು ನಾವು ಪೂರ್ಣವಾಗಿ ಬಿಡುಗಡೆ ಮಾಡಲಾರೆವು. ತಿದ್ದಿದೆನೆಂದು ಹೇಳಿದನು, ಎಲ್ಲೆಲ್ಲಿ ಎಂಬುದನ್ನು ಹೇಳಲಿಲ್ಲ. ಪಾಠಶಾಲೆಯಲ್ಲಿ ಓದಿದ ನಿಮಗೆ ಗೊತ್ತು: ವ್ಯಾಖ್ಯಾನಕಾರನು ಮೂಲವನ್ನು ಮೊದಲಿಟ್ಟು ತನ್ನ ಮಾತನ್ನು ಅನಂತರ ಇಡುತ್ತಾನೆ, ಎರಡರ ಗಡಿ ಕಾಣುತ್ತದೆ. ರುಫೀನನಲ್ಲಿ ಆ ಗಡಿಯೇ ಅಳಿಸಿಹೋಗಿದೆ. ತ್ರಿತ್ವವನ್ನು ಕುರಿತ ಅಧ್ಯಾಯಗಳಲ್ಲಿ ಯಾವುದು ಓರಿಗನ್ನನದು, ಯಾವುದು ಇವನದು ಎಂದು ವಿದ್ವಾಂಸರು ಇಂದಿಗೂ ತಡಕಾಡುತ್ತಿದ್ದಾರೆ.

ರುಫೀನನು 410ರ ಸುಮಾರಿಗೆ ಸಿಸಿಲಿಯಲ್ಲಿ ತೀರಿಕೊಂಡನು. ಸುದ್ದಿ ತಿಳಿದ ಮೇಲೂ ಜೆರೋಮನು, ಯೆಹೆಜ್ಕೇಲ ಭಾಷ್ಯದ ಮುನ್ನುಡಿಯಲ್ಲಿ, ಹಳೆಯ ಗೆಳೆಯನನ್ನು ಮಣ್ಣಿನಡಿ ಸೇರಿದ ಚೇಳೆಂದು ಕರೆದನು.