ಲೈಟಿನ ನೆಂಟರು: ಪದರಸಿಕರಿಗೊಂದು ಕೈಪಿಡಿ

ಪದಗಳ ಹುಟ್ಟು ಹುಡುಕುವ ಚಟ ಹತ್ತಿಸಿಕೊಳ್ಳಬೇಕೆಂದಿದ್ದರೆ ಮೈಸೂರಿನ ಮಂಡಿ ಮೊಹಲ್ಲಾ ಒಳ್ಳೆಯ ಜಾಗ. ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಇಲ್ಲಿ ಒಂದೇ ವಾಕ್ಯದಲ್ಲಿ ಓಡಾಡುತ್ತವೆ. ದೀಪ ಹಚ್ಚುವ ಹೊತ್ತಿಗೆ ಯಾವುದಾದರೂ ಟೀ ಅಂಗಡಿಯ ಮುಂದೆ ನಿಂತು, ಬೆಳಕಿನ ಮಾತುಗಳಿಗಷ್ಟೇ ಕಿವಿ ಕೊಡಿ.

‘ಲೈಟ್ ಹಾಕಪ್ಪ’ ಎನ್ನುತ್ತಾರೆ ಒಬ್ಬರು. ‘ನಂಗೆ ಟೀ ಲೈಟಾಗಿರ್ಲಿ’ ಎನ್ನುತ್ತಾರೆ ಇನ್ನೊಬ್ಬರು. ಎರಡೂ ಒಂದೇ ಪದ ಅಂದುಕೊಂಡರೆ ಮೋಸಹೋದಿರಿ. ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ ಬೇರಿನವು. ಕಾಲ ಸವೆದಂತೆ ಉಚ್ಚಾರಣೆಯೂ ಸವೆದು ಒಂದಾಗಿ ಕೂತಿವೆ. ಜರ್ಮನ್ ಭಾಷೆ ಇವೆರಡನ್ನೂ ಇಂದಿಗೂ ಬೇರೆಯಾಗಿಯೇ ಇಟ್ಟುಕೊಂಡಿದೆ: ಬೆಳಕಿಗೆ ‘ಲಿಖ್ಟ್’, ಹಗುರಕ್ಕೆ ‘ಲೈಖ್ಟ್’. ಇಂಗ್ಲಿಷಿನವರು ಕಾಗುಣಿತದಲ್ಲಿ ಉಳಿಸಿಕೊಂಡು ಬಾಯಲ್ಲಿ ಬಿಟ್ಟಿರುವ ‘ಜಿ, ಎಚ್’ ಅಕ್ಷರಗಳು ಆ ಹಳೆಯ ‘ಖ್’ ಸದ್ದಿನ ಗುರುತು.

ರಸಿಕರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಮುಂದಿನ ಮಾತಿಗೆ. ಹಗುರದ ಲೈಟು ನಮ್ಮ ‘ಲಘು’ವಿನ ದಾಯಾದಿ, ಸಂಸ್ಕೃತವೂ ಇಂಗ್ಲಿಷೂ ಒಂದೇ ಮೂಲದಿಂದ ಕವಲೊಡೆದಾಗ ಹಂಚಿಕೊಂಡ ಆಸ್ತಿ ಅದು. ಬೆಳಕಿನ ಲೈಟಿಗೆ ನಮ್ಮಲ್ಲಿರುವ ನೆಂಟ ಯಾರು ಗೊತ್ತೇ? ‘ರುಚಿ’! ಸಂಸ್ಕೃತದ ‘ರುಚ್’ ಧಾತುವಿಗೆ ಹೊಳೆ, ಬೆಳಗು ಎಂದರ್ಥ. ಹೊಳೆಯುವುದು ಕಣ್ಣಿಗೆ ಹಿತ, ಹಿತವಾದದ್ದು ಮನಸ್ಸಿಗೆ ಇಷ್ಟ. ಹೀಗೆ ಜಾರುತ್ತ ಜಾರುತ್ತ ಕಾಂತಿ ಎಂಬ ಅರ್ಥದ ಪದ ನಾಲಿಗೆಯ ಮೇಲೆ ಬಂದು ಕೂತಿತು. ‘ಟೀ ಲೈಟಾಗಿದೆ, ಆದ್ರೆ ರುಚಿಯಾಗಿದೆ’ ಎನ್ನುವ ಗಿರಾಕಿಯ ಬಾಯಲ್ಲಿ ಇಂಗ್ಲಿಷಿನ ಎರಡೂ ಲೈಟುಗಳ ಬಳಗ ಒಟ್ಟಿಗೆ ಬಂದುಹೋಯಿತು. ಪದಚರಿತ್ರೆಯ ಮಜಾ ಇರುವುದು ಇಂಥ ಕಡೆಯೇ.

ಕ್ಯಾಂಡಲ್ಲಿನದೂ ಇಂಥದೇ ಕಥೆ. ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿನಲ್ಲಿ ಹಚ್ಚುವ ಆ ಮೇಣದಬತ್ತಿ ಲ್ಯಾಟಿನ್ನಿನ ‘ಹೊಳೆ, ಬೆಳ್ಳಗಿರು’ ಎಂಬ ಧಾತುವಿನದು. ನಮ್ಮ ‘ಚಂದ್ರ’ ಅದರ ಬಂಧು. ರೋಮಿನಲ್ಲಿ ಮತ ಕೇಳುವವರು ಬೆಳ್ಳಗೆ ಮಾಡಿದ ಬಟ್ಟೆ ತೊಟ್ಟು ಬರುತ್ತಿದ್ದುದರಿಂದ ‘ಕ್ಯಾಂಡಿಡೇಟ್’ ಕೂಡ ಇದೇ ಮನೆಯ ಕೂಸು. ನಮ್ಮ ಖಾದಿ ಅಂಗಿಯವರು ನೆನಪಾದರೆ ತಪ್ಪು ನಿಮ್ಮದಲ್ಲ. ಬೆಳಕು, ಬಿಳುಪು ಒಂದೇ ಬೇರಿನಿಂದ ಹೊರಡುವುದು ಅಲ್ಲಿ ಮಾತ್ರವಲ್ಲ. ಕನ್ನಡದ ‘ಬೆಳ್’ ಒಂದರಿಂದಲೇ ಬೆಳಕು, ಬೆಳಗು, ಬಿಳಿ, ಬೆಳ್ಳಿ, ಬೆಳುದಿಂಗಳು, ಕೊನೆಗೆ ಬೆಳ್ಳುಳ್ಳಿಯೂ ಬಂದಿವೆ. ಹಾಗೆಂದು ಗದ್ದೆಯ ‘ಬೆಳೆ’ಯನ್ನು ಈ ಗುಂಪಿಗೆ ಸೇರಿಸಬೇಡಿ, ಅದರ ಬೇರು ಬೇರೆ. ನೂರ್‌ಜಹಾನಳ ‘ನೂರ್’ ಅರಬ್ಬಿಯಲ್ಲಿ ಬೆಳಕು. ನಮ್ಮ ಎಣಿಕೆಯ ನೂರಕ್ಕೂ ಅದಕ್ಕೂ ಸಂಬಂಧವಿಲ್ಲ. ಸದ್ದು ಒಂದೇ ಎಂದು ನಂಟು ಕಟ್ಟುವವರ ಮಾತನ್ನು ಕಿಟೆಲ್ ನಿಘಂಟು ನೋಡುವ ತನಕ ನಂಬಬೇಡಿ.

ವಿಜಯದಶಮಿಯ ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನಡೆಯುತ್ತದಲ್ಲ, ಆ ಪಂಜಿಗೆ ಇಂಗ್ಲಿಷಿನವರು ‘ಟಾರ್ಚ್’ ಎನ್ನುತ್ತಾರೆ. ಟಾರ್ಚ್ ಎಂದರೆ ಮೂಲದಲ್ಲಿ ತಿರುಚಿದ್ದು, ಹೊಸೆದದ್ದು. ನಮ್ಮ ‘ಬತ್ತಿ’ಯೂ ಅಷ್ಟೆ, ಸಂಸ್ಕೃತದ ‘ವರ್ತಿ’, ಅಂದರೆ ಸುತ್ತಿ ಹೊಸೆದದ್ದು. ಎರಡು ನಾಡಿನವರಿಗೂ ಜ್ವಾಲೆಗಿಂತ ಮುಂಚೆ ಕಂಡದ್ದು ಕೈಯ ಕೆಲಸ. ಆಮೇಲೆ ಬತ್ತಿ ಕವಲೊಡೆಯಿತು. ಕನ್ನಡದ ಮನೆಗಳಲ್ಲಿ ಅದು ಹಣತೆಯಲ್ಲೇ ಉಳಿಯಿತು, ಊದುಬತ್ತಿಯಲ್ಲಿ ಪರಿಮಳವಾಯಿತು, ಪುಢಾರಿಗಳ ನಡುವೆ ‘ಬತ್ತಿ ಇಡುವ’ ಕಲೆಯಾಯಿತು. ಉರ್ದುವಿನಲ್ಲಿ ಮಾತ್ರ ಬಲ್ಬನ್ನೂ ಏರಿತು: ಹೊಸೆದದ್ದು ಏನೂ ಇಲ್ಲದಿದ್ದರೂ ಕತ್ತಲಾದ ಕೂಡಲೇ ‘ಬತ್ತಿ ಗಯೀ’. ಅದೇ ಗಳಿಗೆಗೆ ಪಕ್ಕದ ಮನೆಯಲ್ಲಿ ‘ಕರೆಂಟ್ ಹೋಯ್ತು’. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು 1908ರಲ್ಲಿ ಮೈಸೂರನ್ನು ಬೆಳಗಿತು; ಹರಿವು ಎಂಬ ಅರ್ಥದ ಕರೆಂಟು ನಮ್ಮ ಬಾಯಲ್ಲಿ ಬೆಳಕೇ ಆಯಿತು. ದಸರಾ ಬಂತೆಂದರೆ ‘ಲೈಟಿಂಗ್ಸ್ ನೋಡೋಕೆ’ ಹೊರಡುವ ಊರು ಇದು. ಇಂಗ್ಲಿಷಿನ ಮೇಷ್ಟ್ರು ಆ ಬಹುವಚನಕ್ಕೆ ಕೆಂಪು ಗೆರೆ ಎಳೆಯಬಹುದು. ನನ್ನ ಪ್ರಕಾರ ಅದು ಅಪ್ಪಟ ಮೈಸೂರು ಕನ್ನಡ.

ಅಭ್ಯಾಸಕ್ಕೆ ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’ ಹತ್ತಿರವಿರಲಿ. ಅದಕ್ಕೂ ಮುಂಚೆ ಮನೆಯ ಹಿರಿಯರನ್ನು ಕೂರಿಸಿ ಕೇಳಿ: ದೀಪಕ್ಕೆ ಏನೇನು ಹೆಸರಿತ್ತು, ಅದನ್ನು ಆರಿಸುವುದಕ್ಕೆ ಏನೆನ್ನುತ್ತಿದ್ದರು? ‘ಆರಿಸು’ ಅಶುಭವೆಂದು ‘ದೀಪ ದೊಡ್ಡದು ಮಾಡು’ ಎನ್ನುತ್ತಿದ್ದವರು ಇನ್ನೂ ಕೆಲವರಿದ್ದಾರೆ. ಸೊಡರು, ಬುಡ್ಡಿ, ಲಾಂದ್ರ, ಹಿಲಾಲು ಯಾವುದು ಸಿಕ್ಕರೂ, ಅವರು ಹೇಳಿದ ವಾಕ್ಯದ ಸಮೇತ ಇವತ್ತೇ ಬರೆದಿಟ್ಟುಕೊಳ್ಳಿ.